ಜ್ಯೇಷ್ಠಮಧುವಿಗೂ ಮಿತಿ ಹೇಳಿದವರು

ಗಿಡಮೂಲಿಕೆಯ ಗುಣವನ್ನು ಕೊಂಡಾಡುವವರು ಬೇಕಾದಷ್ಟಿದ್ದಾರೆ. ಅದರ ಮಿತಿಯನ್ನೂ ಅಷ್ಟೇ ಗೌರವದಿಂದ ತಿಳಿಸಬಲ್ಲವರು ವಿರಳ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಇಂದು ನಿವೃತ್ತರಾಗುತ್ತಿರುವ ನಮ್ಮ ಆಯುರ್ವೇದ ಔಷಧಾಲಯದ ಮುಖ್ಯಸ್ಥೆ ಅಂಥ ವಿರಳರಲ್ಲಿ ಅಗ್ರಗಣ್ಯರು. ಬೆನ್ನ ಹಿಂದೆ ನಾವು ಅವರನ್ನು ‘ಚೀಲದ ಮೇಡಂ’ ಎನ್ನುತ್ತಿದ್ದೆವು; ಇಂದು ಎದುರಿಗೇ ಬರೆಯುತ್ತಿದ್ದೇನೆ, ಕ್ಷಮಿಸಲಿ.

ಸೇವೆಗೆ ಸೇರಿದ ವರ್ಷವೇ ಅವರು ತಂದ ಪದ್ಧತಿಯಿದು: ಮನೆಯಲ್ಲಿ ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತಂದು ತೋರಿಸದವರಿಗೆ ಚಿಟಿಕೆ ಚೂರ್ಣವೂ ಇಲ್ಲ. ಸಾಲು ಮೆಟ್ಟಿಲಿನಾಚೆಗೂ ಬೆಳೆಯುತ್ತಿತ್ತು, ಬೈಗುಳ ಸಹಾಯಕಿಯಾದ ನನ್ನ ಪಾಲಿಗೆ. ಒಮ್ಮೆ ರೇಗಿಯೇಬಿಟ್ಟೆ.

“ಕೆಮ್ಮಿಗೆ ಜ್ಯೇಷ್ಠಮಧು ಕೊಡೋಕೂ ಇಷ್ಟೊಂದು ವಿಚಾರಣೆನಾ ಮೇಡಂ? ಅಜ್ಜಿ ಕಾಲದಿಂದ ಎಲ್ರೂ ಜಗೀತಾ ಬಂದಿಲ್ವಾ?”

“ನಿಮ್ಮಜ್ಜಿ ಬಿಪಿ ಮಾತ್ರೆ ನುಂಗ್ತಿರಲಿಲ್ವಲ್ಲಮ್ಮ,” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಈ ಪದ್ಧತಿ ರದ್ದಾಗಲಿ ಎಂದು ಆಡಳಿತ ಮಂಡಳಿಗೆ ಮನವಿ ಬರೆದು, ಹನ್ನೊಂದು ಸಹೋದ್ಯೋಗಿಗಳ ಸಹಿಯನ್ನೂ ಹಾಕಿಸಿದೆ.

ಅದೇ ದಿನಗಳಲ್ಲಿ ಅಮ್ಮನ ಕಾಲು ಊದಿಕೊಂಡಿತು. ಮಾತ್ರೆ ಹೆಚ್ಚಿಸಿದರೂ ಬಿಪಿ ಇಳಿಯದು. ನಾಲ್ಕು ಮೆಟ್ಟಿಲು ಹತ್ತಲೂ ತ್ರಾಣವಿಲ್ಲ. ಅಮ್ಮ ಕೈ ತಪ್ಪಿಹೋಗುತ್ತಾಳೆಂದು ನನಗೆ ಜೀವವೇ ಬಾಯಿಗೆ ಬಂದಿತ್ತು. ಸುದ್ದಿ ಕೇಳಿದ ಮೇಡಂ ಕರೆಯದೆಯೇ ಮನೆಗೆ ಬಂದರು. ಅಮ್ಮನ ಮಾತ್ರೆಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಸಿದರು. ಜೊತೆಗೆ ಹೊರಬಂತು, ನಾನೇ ತಂದುಕೊಟ್ಟಿದ್ದ ಜ್ಯೇಷ್ಠಮಧುವಿನ ಡಬ್ಬಿ.

“ಇದು ಎಷ್ಟು ದಿನದಿಂದ?”

“ಎರಡು ತಿಂಗಳಾಯ್ತು. ಕೆಮ್ಮು ಹೋಯ್ತು, ಸಿಹಿಯಾಗಿದೆ ಅಂತ ಬಿಡಲಿಲ್ಲ,” ಎಂದಳು ಅಮ್ಮ.

“ಇವತ್ತಿಗೇ ನಿಲ್ಲಿಸಿ. ಡಬ್ಬಿ ಸಮೇತ ಈಗಲೇ ಡಾಕ್ಟರ ಹತ್ರ ಹೋಗೋಣ, ಏಳಿ.”

ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕುಸಿದಿತ್ತು. ಗಂಟಲಿಗೆ ಹಿತವಾದ ಜ್ಯೇಷ್ಠಮಧುವಿನ ಬೇರನ್ನೇ ದಿನಗಟ್ಟಲೆ ಸೇವಿಸಿದರೆ ಅದು ಉಪ್ಪು, ನೀರನ್ನು ಮೈಯಲ್ಲಿ ಹಿಡಿದಿಟ್ಟು, ಪೊಟ್ಯಾಸಿಯಂ ಇಳಿಸಿ, ರಕ್ತದೊತ್ತಡ ಏರಿಸುತ್ತದೆಂದು, ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರೂ ಗರ್ಭಿಣಿಯರೂ ಅದರಿಂದ ದೂರವಿರಬೇಕೆಂದು ಮೇಡಂ ಹತ್ತಾರು ಬಾರಿ ಹೇಳಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದುಹೋದೆ. “ಆವತ್ತೇ ಹೇಳಿದ್ನಲ್ಲಾ” ಎಂಬ ಒಂದು ಮಾತು ಇಂದಿಗೂ ಅವರ ಬಾಯಿಂದ ಬಂದಿಲ್ಲ.

ಚಿಕಿತ್ಸೆಯಾಗಿ ನಾಲ್ಕನೆಯ ವಾರಕ್ಕೆ ಅಮ್ಮ ಮಹಡಿ ಹತ್ತಿದಳು. ಮಂಡಳಿಯ ಸಭೆಯಲ್ಲಿ ನಾನು ಮನವಿಯನ್ನು ಹಿಂಪಡೆದು, ನನ್ನ ತಪ್ಪನ್ನೇ ಎದ್ದುನಿಂತು ಹೇಳಿದೆ. ಪದ್ಧತಿ ಉಳಿಯಿತು, ಉಳಿದದ್ದಷ್ಟೇ ಅಲ್ಲ, ಸಂಸ್ಥೆಯ ಹದಿನೇಳು ಔಷಧಾಲಯಗಳಲ್ಲೂ ಜಾರಿಗೆ ಬಂತು! ಚಪ್ಪಾಳೆ ತಟ್ಟಿದವರಲ್ಲಿ ಸಹಿ ಹಾಕಿದ್ದ ಹನ್ನೊಂದು ಮಂದಿಯೂ ಇದ್ದರು.

ಮೇಡಂ ನೂರ್ಕಾಲ ಬಾಳಲಿ, ಅವರು ಬರೆಯುತ್ತಿರುವ ಮೂಲಿಕೆಗಳ ಕೈಪಿಡಿ ಬೇಗನೆ ಮನೆಮನೆ ಸೇರಲಿ. ಈ ಲೇಖನಕ್ಕೆ ಕುಳಿತಾಗ ಅಮ್ಮ ಗದರಿದಳು: “ಉದ್ದುದ್ದ ಹೊಗಳ್ಬೇಡ. ನಾನಿನ್ನೂ ಇದೀನಿ ಅಂತ ಬರಿ, ಸಾಕು.”

ಅಮ್ಮ ಇದ್ದಾಳೆ, ಮೇಡಂ.