ದನದ ಹೊಟ್ಟೆಗೆ ಹೋದ ಹುಲ್ಲಿಗೆ ಸೊನ್ನೆ

ನಮ್ಮ ಗಂಜಿಗರಿಕೆ ಹುಲ್ಲಿನ ಹೆಸರಿನ ಮುಂದೆ ಸರಕಾರದ ಕಾಗದದಲ್ಲಿ ಸೊನ್ನೆ ಬರೆದವರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಇಳಿಯುವುದೂ ಬೇಡ. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು, ಒಪ್ಪುತ್ತೇನೆ. ಆದರೆ ಸೊನ್ನೆ ಎಂದರೇನು ಎಂಬುದನ್ನು ಮೊದಲನೆಯ ಇಯತ್ತೆಯಲ್ಲೇ ಕಲಿಸುತ್ತಾರೆ. ಏನೂ ಇಲ್ಲದ್ದಕ್ಕೆ ಸೊನ್ನೆ. ಬೆಳೆದು ನಿಂತದ್ದನ್ನು ದನ ತಿಂದು ಮುಗಿಸಿದರೆ ಅದಕ್ಕೂ ಸೊನ್ನೆ ಎಂದು ಯಾವ ಮಾಸ್ತರರೂ ನನಗೆ ಕಲಿಸಿರಲಿಲ್ಲ.

ಎರಡನೆಯ ದೊಡ್ಡ ಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದವು. ನಾಗನೂರಿನ ಹಾದಿಗೆ ನಮ್ಮ ಎರೆ ಹೊಲ. ಕಾಲುವೆ ಕಾಣದ, ಮಳೆಯನ್ನೇ ನಂಬಿದ ನೆಲ. ಅಲ್ಲಿಗೆ ಒಂದು ದಿನ ಬೇಸಾಯ ಖಾತೆಯ ಸಾಹೇಬರೊಬ್ಬರು ಟಾಂಗಾದಲ್ಲಿ ಬಂದಿಳಿದರು. ಒಮ್ಮೆ ನಟ್ಟರೆ ವರ್ಷವರ್ಷವೂ ಬುಡದಿಂದ ಚಿಗುರುವ ಹುಲ್ಲುಗಳಲ್ಲಿ ನೀರಿಲ್ಲದ ನೆಲಕ್ಕೆ ಯಾವುದು ಹೆಚ್ಚು ಮೇವು ಕೊಡುತ್ತದೆ ಎಂದು ನೋಡಬೇಕಾಗಿತ್ತಂತೆ. ಊರಲ್ಲಿ ಕಸವಿಲ್ಲದ ಹೊಲ ನನ್ನದು, ಅದಕ್ಕೇ ನನ್ನದನ್ನು ಆರಿಸಿದರು. ಆನೆಹುಲ್ಲು, ಗಿನಿಹುಲ್ಲು, ಅಂಜನಹುಲ್ಲು ಎಂದು ಜಾಲಿಮುಳ್ಳಿನ ಬೇಲಿಯೊಳಗೆ ಮೂರು ಪಟ್ಟಿ ಹಾಕಿಸಿದರು. ನಾಲ್ಕನೆಯ ಪಟ್ಟಿಗೆ ನಮ್ಮ ಗಂಜಿಗರಿಕೆಯೂ ಇರಲಿ ಎಂದು ಹಟ ಹಿಡಿದವನು ನಾನು. ಯಾಕೆಂದರೆ ಗೆದ್ದ ಹುಲ್ಲನ್ನು ಊರ ಗಾಯರಾಣದಲ್ಲಿ ಹಚ್ಚುವುದೆಂದು ಗೌಡರು ಆಗಲೇ ಮಾತು ಕೊಟ್ಟುಬಿಟ್ಟಿದ್ದರು. ಊರ ದನವೆಲ್ಲ ಮೇಯುವ ಆ ಗಾಯರಾಣದ ತುಂಬ ಇದ್ದದ್ದು ಗಂಜಿಗರಿಕೆಯೇ. ಅದು ಸೋತರೆ ಅದರ ಮೇಲೆ ನೇಗಿಲು.

ಮಳೆಗಾಲದ ಕೊಯ್ಲಿಗೆ ಸಾಹೇಬರು ತಕ್ಕಡಿ ತಂದರು. ಇಬ್ಬನಿ ಆರುವ ಮೊದಲೇ ಕೊಯ್ಯಿಸಿ, ಕೊಯ್ದ ಕೈಯಲ್ಲೇ ತೂಗಿಸಿದರು. ಆಳೆತ್ತರ ಬೆಳೆದಿದ್ದ ಆನೆಹುಲ್ಲಿನ ದಂಟು ಹಿಂಡಿದರೆ ನೀರು. ತಕ್ಕಡಿ ಅದರ ಕಡೆಗೇ ವಾಲದೆ ಇನ್ನೆಲ್ಲಿ ಹೋದೀತು?

“ಸಾಹೇಬರ, ಇದನ್ನ ನಾಕ ದಿನಾ ಬಿಸಲಿಗೆ ಹಾಕಿ ತೂಗ್ರಿ. ಈಗ ನೀವು ತೂಗಾಕತ್ತಿದ್ದು ಹುಲ್ಲಲ್ಲ, ನೀರು” ಎಂದೆ.

“ತೂಕ ಹೆಂಗ ಮಾಡೂದಂತ ನೀ ನನಗ ಹೇಳ್ತಿಯೇನಪಾ?”

“ಹೇಳಾಕತ್ತೇನಲ್ರಿ.”

ಕೊಯ್ಯಲು ಬಂದ ಹೆಣ್ಣಾಳುಗಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಸಾಹೇಬರ ಮೋರೆ ಕೆಂಪಾಯಿತು. ಆದರೂ, “ಬ್ಯಾಸಗಿ ಕೊಯ್ಲೂ ಲೆಕ್ಕಕ್ಕ ಬರತೈತಿ, ಅಲ್ಲೀ ತನಕಾ ಬೇಲಿ ತಗೀಬ್ಯಾಡ” ಎಂದು ಹೇಳಿ ಹೋದರು. ನನಗೆ ಅಷ್ಟೇ ಸಾಕಾಗಿತ್ತು. ಬಿಸಿಲಿಗೆ ಆನೆಹುಲ್ಲು ಕೋಲಾಗುತ್ತದೆ, ಗಂಜಿಗರಿಕೆ ನೆಲ ಬಿಡುವುದಿಲ್ಲ. ಇದು ನನಗೆ ಗೊತ್ತಿತ್ತು, ನಮ್ಮಪ್ಪನಿಗೂ ಗೊತ್ತಿತ್ತು.

ಇಲ್ಲೇ ನನ್ನ ತಪ್ಪು ನಡೆಯಿತು. ಮೂಡಲಗಿಯಿಂದ ಹುಕ್ಕೇರಿಯವರೆಗೆ ನಮ್ಮ ಕಡೆ ಒಂದು ಪದ್ಧತಿ. ಜೋಳ ಕಿತ್ತು ಕಣ ಮುಗಿಯಿತೆಂದರೆ ಹೊಲವೆಲ್ಲ ಬಯಲು. ಯಾರ ದನ ಯಾರ ಹೊಲಕ್ಕೆ ಬಂದರೂ ಹೊಡೆದಟ್ಟುವಂತಿಲ್ಲ. ಆ ಹೊತ್ತಿನಲ್ಲಿ ಮುಳ್ಳುಬೇಲಿ ಇಟ್ಟುಕೊಂಡವನನ್ನು ಜನ ಮನುಷ್ಯರ ಸಾಲಿನಲ್ಲಿ ಎಣಿಸುವುದಿಲ್ಲ. ಬಾಜೂ ಹೊಲದ ಕಾಕಾ ನಾಲ್ಕು ಮಂದಿಯ ಎದುರಿಗೇ ಶುರು ಮಾಡಿದ:

“ಏನೋ ತಮ್ಮಾ, ಹುಲ್ಲಿಗೆ ಕಾವಲಾ ಇಟ್ಟೀಯಂತ? ಇಂಗ್ರೇಜಿ ಕಲ್ತ ಹುಲ್ಲು, ನಮ್ಮ ದನದ ಜೋಡಿ ಮಾತಾಡಂಗಿಲ್ಲ ಕಾಣಸ್ತೈತಿ.”

“ಹಂಗಲ್ಲೋ ಕಾಕಾ, ಸಾಹೇಬರು ಹೇಳ್ಯಾರು...”

“ಸಾಹೇಬರು ನಾಳೆ ನಿನ್ನ ಎತ್ತಿಗೂ ಕೋಟು-ಪಾಟಲೋಣ ಹಾಕಂದ್ರ ಹಾಕ್ತಿಯೇನು?”

ಮೂರು ದಿನ ತಡೆದೆ. ನಾಲ್ಕನೆಯ ದಿನ ಜಾಲಿಮುಳ್ಳನ್ನು ನನ್ನ ಕೈಯಾರೆ ಎಳೆದು ಒಗೆದೆ. ದನ ಬಂದವು. ಎಲ್ಲಕ್ಕಿಂತ ಮುಂದೆ ಗೌಡರ ಬಿಳಿ ಎತ್ತು. ಯಾವುದೂ ಆಚೀಚೆ ನೋಡಲಿಲ್ಲ, ನೆಟ್ಟಗೆ ಗಂಜಿಗರಿಕೆಯ ಪಟ್ಟಿಗೇ ಬಾಯಿ ಹಾಕಿದವು. ಎರಡು ದಿನದಲ್ಲಿ ಅದು ನುಣ್ಣಗೆ ಬೋಳಿಸಿದ ತಲೆಯಾಯಿತು. ಅಂಜನವನ್ನು ಅರ್ಧ ತಿಂದವು, ಗಿನಿಯ ತುದಿ ಕಚ್ಚಿ ಬಿಟ್ಟವು. ಆನೆಹುಲ್ಲಿಗೆ ಒಂದು ಎಮ್ಮೆ ಕುತ್ತಿಗೆ ತಿಕ್ಕಿಕೊಂಡು ಹೋಯಿತು, ಅಷ್ಟೇ.

ಮುಂದಿನ ವಾರ ಸಾಹೇಬರು ಬಂದು ನಿಂತರು. ಒಣಗಿ ಕೋಲಾಗಿದ್ದ ಆನೆಹುಲ್ಲನ್ನು ಕೊಯ್ಯಿಸಿ ತೂಗಿ ಬರೆದುಕೊಂಡರು. ಆಮೇಲೆ ನಮ್ಮ ಪಟ್ಟಿಗೆ ಬಂದರು.

“ಇದರ ತೂಕ ಎಲ್ಲಿ?”

“ದನದ ಹೊಟ್ಯಾಗ ಐತ್ರಿ.”

“ಹೊಟ್ಯಾಗಿಂದು ಬರಿಯಾಕ ನನ್ನ ಫಾರ್ಮಿನ್ಯಾಗ ಜಾಗಾ ಇಲ್ಲ. ಬೇಲಿ ತಗೀಬ್ಯಾಡ ಅಂದಿದ್ನಿಲ್ಲೋ?”

“ಅಂದಿದ್ರಿ. ಅದು ನಂದ ತಪ್ಪು, ಅದಕ್ಕ ನನ್ನ ಬೈರಿ. ಹುಲ್ಲೇನ ತಪ್ಪ ಮಾಡೇತ್ರಿ? ನಾಕೂ ಪಟ್ಟಿ ದನದ ಮುಂದ ಇದ್ದೂವು. ಇದನ್ನ ತಿಂದು ಅದನ್ನ ಬಿಟ್ಟಾವಂದ್ರ ಅದನ್ನೂ ಬರೀರಲ್ಲ!”

ಅವರು ಬರೆದದ್ದು ಒಂದು ಸೊನ್ನೆ. ಗುಂಡಗೆ, ಚಂದಾಗಿ, ಮುತ್ತಿನಂಥ ಅಕ್ಷರದವರು. ತಪ್ಪು ಮಾಡಿದವನು ನಾನು, ಶಿಕ್ಷೆ ಗಾಯರಾಣಕ್ಕೆ. ಇದು ಯಾವ ಊರಿನ ನ್ಯಾಯ?

ಸುಮ್ಮನೆ ಕೂಡುವ ಜಾತಿಯಲ್ಲ ನಾನು. ಬದುವಿನ ಮೇಲೆ ಉಳಿದಿದ್ದ ಗಂಜಿಗರಿಕೆ ಕೊಯ್ದು, ಒಣಗಿಸಿ, ಒಂದು ಹೊರೆ ಕಟ್ಟಿಕೊಂಡು ಗೋಕಾಕ ದಾಟಿ ಹುಕ್ಕೇರಿಯ ಬಂಗಲೆಗೆ ಹೋದೆ. ಸಾಹೇಬರ ಮುಕ್ಕಾಮು ಅಲ್ಲಿತ್ತು. ಒಣ ತೂಕ ಮಾಡಿ ತೋರಿಸಿಯೇ ಬರುವೆನೆಂಬ ಹಟ. ಬಾಗಿಲು ಕಾಯುವ ಪಟ್ಟೇವಾಲಾ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿದ. ಕಾದು ಕಾದು ನೀರು ಕುಡಿಯಲು ಎದ್ದೆ. ಹೊರಳಿ ಬಂದು ನೋಡಿದರೆ ಸಾಹೇಬರ ಟಾಂಗಾದ ಕುದುರೆ ಹೊರೆ ಬಿಚ್ಚಿ ಅರ್ಧ ಮುಗಿಸಿತ್ತು! ಅದೇ ಹೊತ್ತಿಗೆ ಸಾಹೇಬರೂ ಹೊರಗೆ ಬಂದರು.

“ನೋಡ್ರಿ ಸಾಹೇಬರ, ನಿಮ್ಮ ಕುದುರಿ ಸೈತ ಸಾಕ್ಷಿ ಹೇಳಾಕತ್ತೈತಿ.”

ಕುದುರೆಯನ್ನು ನೋಡಿದರು. ನನ್ನನ್ನು ನೋಡಿದರು. ಬಾಯಿಯ ಮೂಲೆಯಲ್ಲಿ ಒಂದಿಷ್ಟು ನಗೆಯೂ ಬಂದಿತ್ತು, ಸುಳ್ಳು ಹೇಳಲಾರೆ. “ಫಾರ್ಮ ಬೆಳಗಾವಿಗೆ ಹೋಗೇತಪಾ. ಇನ್ನ ತಿದ್ದಾಕ ಬರಂಗಿಲ್ಲ” ಎಂದರು. ಕಣ್ಣಾರೆ ಕಂಡ ಮೇಲೂ ತಿದ್ದಲು ಬರುವುದಿಲ್ಲ!

ಮೊದಲ ಮಳೆಗೆ ಗಾಯರಾಣಕ್ಕೆ ನೇಗಿಲು ಬಿತ್ತು. ಗೌಡರು ನನ್ನ ಎತ್ತುಗಳನ್ನೂ ಕೇಳಿಕಳಿಸಿದರು. “ಅವು ಆ ಹುಲ್ಲ ತಿಂದು ಬೆಳದಾವು. ಅದರ ಬೇರು ಕೀಳಾಕ ಕೊಡಂಗಿಲ್ಲ ಅಂತ ಹೇಳ್ರಿ” ಎಂದೆ. ಮರುದಿನ ನಾನೂ ನನ್ನ ಹೆಂಡತಿಯೂ ನೇಗಿಲ ಹಿಂದೆ ಹಿಂದೆ ನಡೆದು, ಮೇಲೆದ್ದ ಬೇರುಗಳನ್ನು ಬುಟ್ಟಿ ತುಂಬಿ ತಂದೆವು. ಹೊಲದ ಬದುವಿನ ಉದ್ದಕ್ಕೂ ನಟ್ಟೆವು. ಕಾಕಾ ನೋಡುತ್ತ ನಿಂತ. ಈ ಸಲ ಚೇಷ್ಟೆ ಮಾಡಲಿಲ್ಲ. ತಾನೂ ಒಂದು ಬುಟ್ಟಿ ತಂದ.

ಗಾಯರಾಣದಲ್ಲಿ ಹಚ್ಚಿದ ಆನೆಹುಲ್ಲು ಮೊದಲ ಮಳೆಗಾಲ ಮೆರೆಯಿತು. ಎರಡನೆಯ ಬೇಸಿಗೆಗೆ ಗಾಯರಾಣದ ತುಂಬ ಮೊಂಡ ಕೂಳೆಗಳು, ದನದ ಗೊರಸಿಗೆ ಚುಚ್ಚಲು ಮಾತ್ರ ಉಪಯೋಗ. ಗೌಡರು ಖುದ್ದಾಗಿ ನನ್ನ ಹೊಲಕ್ಕೆ ಬಂದರು.

“ಒಂದೆರಡ ಬಂಡಿ ಬೇರು ಬೇಕಾಗಿತ್ತಲ್ಲೋ.”

“ಯಾವ ಹುಲ್ಲಿಂದ್ರಿ?”

“ಗೊತ್ತಿದ್ದೂ ಕೇಳ್ತಿ.”

“ಹೆಸರ ಹೇಳ್ರಿ, ಗೌಡ್ರ.”

ಆಚೀಚೆ ನೋಡಿದರು. “ಗಂಜಿಗರಿಕಿ” ಎಂದರು, ಸಣ್ಣ ದನಿಯಲ್ಲಿ.

ಬೇರು ನಾನೇ ಅಗೆದು ಕೊಟ್ಟೆ. ಕೊಡುವ ಮುಂದೆ, ಆ ಸೊನ್ನೆ ಹೊಡೆದುಹಾಕಲು ಬೆಳಗಾವಿಗೆ ಒಂದು ಅರ್ಜಿ ಬರೆಯಿರಿ ಎಂದು ಕೇಳಿದೆ. “ಆ ಸಾಹೇಬರು ಬದಲಿಯಾಗಿ ಹ್ವಾದ್ರು, ಬಿಡೋ. ಹುಲ್ಲು ಬಂದ್ರ ಸಾಕು” ಎಂದು ಬಂಡಿ ಹೊಡೆಸಿಕೊಂಡು ಹೋದರು.

ಹುಲ್ಲೇನೋ ಬಂತು. ಗಾಯರಾಣದಲ್ಲಿ ದನ ಮತ್ತೆ ಮೇಯುತ್ತವೆ. ಸೊನ್ನೆ ಮಾತ್ರ ಆ ಕಾಗದದಲ್ಲಿ ಹಾಗೇ ಕುಳಿತಿದೆ, ಅದರ ಬಾಜೂ ಆನೆಹುಲ್ಲಿನ ತೂಕ. ಅದನ್ನು ಓದಿ ಕಲ್ಲೋಳಿಯಲ್ಲೋ ಬೆಲ್ಲದ ಬಾಗೇವಾಡಿಯಲ್ಲೋ ಇನ್ಯಾರಾದರೂ ಗಾಯರಾಣಕ್ಕೆ ನೇಗಿಲು ಹೂಡಿದರೆ? ತಿದ್ದಬೇಕಾದವರು ತಿದ್ದಲಿಲ್ಲ, ಅದಕ್ಕೇ ನನಗೆ ಬಂದಷ್ಟು ಅಕ್ಷರದಲ್ಲಿ ನಾನು ಬರೆದಿದ್ದೇನೆ.