ಕುರಿ ಹಾಲು ಕುಡಿದ ನಾಯಿಗಳು

ನಮ್ಮ ಕುರಿನಾಯಿಗಳ ತಳಿ ಎಲ್ಲಿಂದ ಬಂತೆಂದು ಯಾರೂ ಬರೆದಿಟ್ಟಿಲ್ಲ. ನನಗೆ ಗೊತ್ತಿರುವುದು ಅಜ್ಜಿ ಹೇಳಿದ್ದಷ್ಟೇ. ಅವಳ ಅಜ್ಜಿ ಭೀಮಾ ನದಿಯ ಆಚೆಯಿಂದ ಮದುವೆಯಾಗಿ ಸುರಪುರದ ಸೀಮೆಗೆ ಬಂದಾಗ ತವರಿನವರು ಒಂದು ಹೆಣ್ಣುಮರಿಯನ್ನು ಜೊತೆಗೆ ಕಳಿಸಿದ್ದರಂತೆ. ಆಮೇಲೆ ಮನೆಮಗಳು ಗಂಡನ ಮನೆಗೆ ಹೊರಟಾಗಲೆಲ್ಲ ಒಂದು ಮರಿಯೂ ಹೊರಡುತ್ತಿತ್ತು. ಕಣ್ಣು ಬಿಡುವ ಮೊದಲೇ ಮರಿಯನ್ನು ಕುರಿದೊಡ್ಡಿಯಲ್ಲಿ ಬಿಟ್ಟು ಕುರಿಯ ಹಾಲು ಕುಡಿಸುತ್ತಿದ್ದರು.

"ಕುರಿ ಹಾಲು ಕುಡದದ್ದು ಕುರಿಗಿ ಬಾಯಿ ಹಾಕಂಗಿಲ್ಲ" ಎನ್ನುತ್ತಿದ್ದಳು ಅಜ್ಜಿ.

ಒಮ್ಮೆ ಬಾಯಿ ಹಾಕಿದ ನಾಯಿಯ ಸಂತತಿಯನ್ನು ಯಾರೂ ಸಾಕುತ್ತಿರಲಿಲ್ಲ. ಹಾಗೆ ಆರಿಸುತ್ತ ಬಂದ ತಳಿ ಅದು. ಬೂದು ಮೈ, ಉದ್ದ ಕಾಲು. ತೋಳ ಬಂದರಷ್ಟೇ ಬೊಗಳುತ್ತಿತ್ತು.

ಅಕ್ಕನ ಜೊತೆ ಒಂದು ಮರಿ ಶಿರವಾಳಕ್ಕೆ ಹೋಯಿತು. ಅದರ ಒಡಹುಟ್ಟು ನಮ್ಮಲ್ಲಿ ಉಳಿಯಿತು.

ಕಾಲುವೆಗೆ ನೀರು ಬಿಟ್ಟ ಮೇಲೆ ಬೀಳುಭೂಮಿಯೆಲ್ಲ ಭತ್ತದ ಗದ್ದೆಯಾಯಿತು. ಕೆಸರಿನಲ್ಲಿ ಓಡಾಡಿ ಕುರಿಗಳ ಗೊರಸು ಕೊಳೆತವು. ಅಪ್ಪ ಹಿಂಡನ್ನೇ ಮಾರಿದ. ಕುರಿ ತುಂಬಿಕೊಂಡು ಹೋದ ಲಾರಿಯ ಹಿಂದೆ ಓಡಿದ ನಾಯಿ ಮೂರನೆಯ ದಿನ ಪಾದ ಹರಿದುಕೊಂಡು ಬಂತು. ಖಾಲಿ ದೊಡ್ಡಿಯಲ್ಲೇ ಮಲಗತೊಡಗಿತು. ರೊಟ್ಟಿ ಹಾಕಿದರೆ ಮೂಸಿ ಸುಮ್ಮನಾಗುತ್ತಿತ್ತು.

ಒಂದು ಮುಂಜಾನೆ ಅಪ್ಪನೂ ನಾನೂ ಗದ್ದೆಗೆ ಹೊರಟಿದ್ದೆವು. ನಾಯಿ ಹಿಂದೆ ಬರುತ್ತಿತ್ತು. ಕಾಲುವೆಯ ಆಚೆ ದಂಡೆಯಲ್ಲಿ ಪರವೂರಿನ ಕುರಿಹಿಂಡೊಂದು ಸಾಗಿತ್ತು. ಕುರಿಗಳ ದನಿ ಕೇಳಿದ್ದೇ ತಡ, ನಾಯಿ ನೀರಿಗೆ ಹಾರಿತು. ಈಜಿ ಆಚೆ ಮುಟ್ಟಿತು ಕೂಡ. ಆದರೆ ಅಲ್ಲಿ ಸಿಮೆಂಟಿನ ಇಳಿಜಾರು, ಮೇಲೆ ಪಾಚಿ. ಉಗುರು ಊರಲಿಲ್ಲ.

"ಹಿಂದಕ ಬಾ ನನ್ನವ್ವಾ, ಹಿಂದಕ ಬಾ!" ಎಂದು ಕೂಗುತ್ತ ಅಪ್ಪ ದಂಡೆಗುಂಟ ಓಡಿದ. ಹೆಗಲ ಮೇಲಿನ ಕಂಬಳಿಯ ಒಂದು ತುದಿ ಹಿಡಿದು ನೀರಿಗೆ ಬೀಸಿದ. ನಾಯಿ ಇತ್ತ ತಿರುಗಲೇ ಇಲ್ಲ. ಮುಂದಿನ ಗೇಟಿನ ಬಳಿ ಹೆಣ ಸಿಕ್ಕಿತು.

ಅದನ್ನು ಮಣ್ಣು ಮಾಡಿ ಕೈ ತೊಳೆಯುವಾಗ ಅಪ್ಪ, "ಅವತ್ತ ಇದನ್ನೂ ಲಾರಿಗಿ ಹತ್ತಸಬೇಕಿತ್ತು, ತಪ್ಪು ಮಾಡಿದೆ" ಎಂದ.

ವಾರದ ಮೇಲೆ, ಅದೇ ತಳಿಯ ಮರಿಯೊಂದು ಸಿಕ್ಕೀತೆಂದು ಇಬ್ಬರೂ ಶಿರವಾಳಕ್ಕೆ ಹೋದೆವು. ಅವರೂ ಕುರಿ ಮಾರಿ ಗದ್ದೆ ಮಾಡಿದ್ದರು. ಅಕ್ಕನ ನಾಯಿ ಓಣಿಯ ನಾಯಿಗಳ ಜೊತೆ ಕೂಡಿ ಈದಿತ್ತು. ಅಂಗಳದಲ್ಲಿ ಕಂದು, ಕಪ್ಪು ಬಣ್ಣದ ಮರಿಗಳು ಆಡುತ್ತಿದ್ದವು. ಅಪ್ಪ ಒಂದನ್ನೆತ್ತಿ ಅದರ ಕಾಲು, ಕಿವಿ ಸವರಿ ನೋಡಿದ.

"ಕುರಿ ಕಂಡರ ಏನ್ ಮಾಡತಾವವ್ವಾ ಇವು?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವು ಇನ್ನಾ ಕುರೀನ ನೋಡಿಲ್ಲಪ್ಪಾ."

ಅಪ್ಪ ಮರಿಯನ್ನು ಮೆಲ್ಲಗೆ ತಾಯಿಯ ಬಳಿ ಬಿಟ್ಟ.