ವನಜಮ್ಮನ ಮನೆಯ ಕೆಂಪು ಹುಳ

ಶಿರಾದ ಲಿಯಾಕತ್ ಅಲಿ ಹತ್ತಿ ಹಿಂಜಿ, ಹಾಸಿಗೆ ಹೊಲಿದೇ ಮುದುಕರಾದವರು. ಆವತ್ತು ಅವರು ಹೊಲಿದುಕೊಟ್ಟಿದ್ದ ಹೊಸ ಹಾಸಿಗೆಯನ್ನು ವನಜಮ್ಮ ಬೀದಿಗೆ ಎಳೆದುಹಾಕಿ ಅವರನ್ನು ಕರೆಸಿದ್ದಳು.

“ನೋಡಿ ಸಾಬ್ರೇ, ಎಂಥಾ ತಿಗಣೆ ತುಂಬಿ ಕೊಟ್ಟಿದೀರ! ನಮ್ಮ ರಕ್ತ ಕುಡ್ದು ಹೆಂಗೆ ಕೆಂಪಗಾಗವೆ!”

ಅವಳು ಹಿಡಿದ ಕಾಗದದ ಮೇಲೆ ಕಪ್ಪು ಚುಕ್ಕೆಯ ಕೆಂಪು ಹುಳಗಳು ಹರಿದಾಡುತ್ತಿದ್ದವು.

“ಇದು ತಿಗಣೆ ಅಲ್ಲ ಕಣಮ್ಮ.”

“ಇನ್ನೇನಂತೆ?”

ಲಿಯಾಕತ್‌ಗೂ ಗೊತ್ತಿರಲಿಲ್ಲ. ಹಿಂಜುವ ಹತ್ತಿಯಲ್ಲಿ ಅಂಥ ಹುಳವನ್ನು ಅವರು ಕಂಡೇ ಇರಲಿಲ್ಲ. ಸುತ್ತ ನೆರೆದವರಲ್ಲಿ ಯಾರೋ, “ಹಳೇ ಹತ್ತಿ ತುಂಬಿರ್ತಾರೆ ಬುಡು” ಅಂದರು. ಆ ಮಾತಿಗೆ ಮುದುಕರ ಮೈ ಉರಿದುಹೋಯಿತು. ಚೀಲದಿಂದ ಕತ್ತರಿ ತೆಗೆದವರೇ ಹಾಸಿಗೆಯನ್ನು ಉದ್ದಕ್ಕೂ ಸೀಳಿದರು.

“ಹುಡುಕ್ರಿ! ಒಂದು ಹುಳ ತೋರ್ಸಿ ನಂಗೆ!”

ಒಳಗೆ ಬರೀ ಬಿಳಿ ಹತ್ತಿ.

ಅಷ್ಟರಲ್ಲಿ ವನಜಮ್ಮನ ಗಂಡ ಓಬಳರಾಜು ಫೋನು ಹಿಡಿದು ಹೊರಗೆ ಬಂದ. ಹುಳದ ಫೋಟೋವನ್ನು ಅವನು ಕೃಷಿ ಇಲಾಖೆಯ ಗೆಳೆಯನಿಗೆ ಕಳಿಸಿದ್ದ.

“ತಿಗಣೆ ಅಲ್ವಂತೆ ಕಣೇ. ಬೂರುಗದ ಬೀಜದ ರಸ ಹೀರೋ ಹುಳವಂತೆ. ಮನುಷ್ಯರ ರಕ್ತ ಕುಡಿಯಲ್ವಂತೆ.”

ಎಲ್ಲರೂ ಹಿತ್ತಲಿಗೆ ಹೋಗಿ ನೋಡಿದರು. ಮನೆಯ ಹಿಂದಿನ ಬೂರುಗದ ಮರದಲ್ಲಿ ಕಾಯಿ ಒಡೆದಿದ್ದವು. ಅದರ ಕೊಂಬೆ ತಾಗಿದ ಕಿಟಕಿಯಲ್ಲಿ ಅದೇ ಹುಳಗಳು ಸಾಲಾಗಿ ಒಳಗೆ ಇಳಿಯುತ್ತಿದ್ದವು.

“ಗೊತ್ತಾಗ್ಲಿಲ್ಲ ಸಾಬ್ರೇ. ಆ ಹಾಸಿಗೆ ಒಂದು ಹೊಲ್ಕೊಟ್ಬುಡಿ, ಟೀ ತರ್ತೀನಿ” ಎಂದಳು ವನಜಮ್ಮ, ಮೆಲ್ಲಗೆ.

“ಕರೆಯೋ ಮುಂಚೆ ಕಿಟಕಿ ಕಡೆ ಒಂದ್ಸಲ ನೋಡಕ್ಕೇನಾಗಿತ್ತು? ನಾಲ್ಕು ಜನರ ಮುಂದೆ ನನ್ನ ಕಳ್ಳನ್ನ ಮಾಡಿದ್ರಲ್ಲ!”

ಲಿಯಾಕತ್ ಬೀದಿಯಲ್ಲೇ ಕೂತು ಹಾಸಿಗೆ ಹೊಲಿದರು. ತಾವು ಸೀಳಿದ್ದನ್ನು ಹಾಗೇ ಬಿಟ್ಟು ಹೋಗಲು ಅವರಿಗೆ ಮನಸ್ಸಾಗಲಿಲ್ಲ. ಟೀ ಮಾತ್ರ ಮುಟ್ಟಲಿಲ್ಲ. ಆ ಬೀದಿಯವರು ಆಮೇಲೆ ಎಷ್ಟು ಕರೆದರೂ ಅವರು ಹೋಗಲಿಲ್ಲ.